ಮಳೆಗಾಲದಲ್ಲಿ ಘಾಟಿ ಇಳಿಯುವ ಟ್ರೈಲರ್: ಎಳೆಯುವ ಲೆಕ್ಕ ಬೇರೆ, ನಿಲ್ಲಿಸುವ ಲೆಕ್ಕ ಬೇರೆ

‘ನಿಮ್ಮ ಟ್ರ್ಯಾಕ್ಟರ್ ಎಷ್ಟು ಟನ್ ಎಳೆಯುತ್ತದೆ?’ ಟ್ರೈಲರ್ ಬಾಡಿಗೆಗೆ ಕೇಳಲು ಹೋದರೆ ಮೊದಲು ಬರುವ ಪ್ರಶ್ನೆ ಇದು. ಬಯಲಿನ ರಸ್ತೆಗೆ, ಬೇಸಿಗೆಗೆ ಈ ಪ್ರಶ್ನೆ ಸರಿ. ಮಳೆಗಾಲದಲ್ಲಿ ಘಾಟಿ ಇಳಿಯುವವರು ಕೇಳಿಕೊಳ್ಳಬೇಕಾದದ್ದು ಬೇರೆಯೇ: ಒದ್ದೆ ಇಳಿಜಾರಿನಲ್ಲಿ ನಮ್ಮ ಟ್ರ್ಯಾಕ್ಟರ್ ಎಷ್ಟು ಭಾರವನ್ನು ನಿಲ್ಲಿಸುತ್ತದೆ?

2022ರ ಜೂನ್ ಕೊನೆಗೆ ನಮ್ಮ ಸಂಸಾರ ಸಕಲೇಶಪುರ ಕಡೆಯಿಂದ ಉಪ್ಪಿನಂಗಡಿ ಸಮೀಪಕ್ಕೆ ಬಂತು. ದಾರಿ ಸುಮಾರು 90 ಕಿ.ಮೀ., ನಡುವೆ ಶಿರಾಡಿ ಘಾಟಿ. ಮಕ್ಕಳ ಶಾಲೆ ಶುರುವಾಗಿತ್ತು, ಹಳೆಯ ಮನೆ ಬಿಟ್ಟುಕೊಡುವ ದಿನ ನಿಗದಿಯಾಗಿತ್ತು. ಮಳೆ ಬಿಡಲಿ ಎಂದು ಕಾಯುವ ಹಾಗಿರಲಿಲ್ಲ. ಟ್ರ್ಯಾಕ್ಟರ್ ನಮ್ಮದೇ, ಎರಡು ಚಕ್ರದ ಟ್ರೈಲರ್ ದಿನ ಬಾಡಿಗೆಯದು. ಆ ಸಾಗಾಟದಲ್ಲಿ ಮಾಡಿದ ಲೆಕ್ಕ, ಅನುಸರಿಸಿದ ಕ್ರಮ ಬೇರೆಯವರಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ದೂಡುವ ಭಾರ ಎಷ್ಟು?

ನಮ್ಮ ಕಡೆ ಬಾಡಿಗೆಗೆ ಸಿಗುವ ಹೆಚ್ಚಿನ ಎರಡು ಚಕ್ರದ ಟ್ರೈಲರುಗಳಿಗೆ ಬ್ರೇಕ್ ಇಲ್ಲ. ಅಂದರೆ ಇಡೀ ಹೊರೆಯನ್ನು ಹಿಡಿದು ನಿಲ್ಲಿಸುವುದು ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರಗಳು ಮಾತ್ರ. ಎರಡು ಟನ್ನಿನ ಒಳಗಿನ ಟ್ರ್ಯಾಕ್ಟರ್, ಹಿಂದೆ ಅದರ ಎರಡು ಪಟ್ಟು ತೂಕ!

ಲೆಕ್ಕ ಸುಲಭ ಉಂಟು. ನಮ್ಮ ಸಾಮಾನು ಒಟ್ಟು ಎರಡೂ ಮುಕ್ಕಾಲು ಟನ್. ಖಾಲಿ ಟ್ರೈಲರ್ ಸುಮಾರು ಒಂದು ಟನ್. ಎಲ್ಲಾ ಒಟ್ಟಿಗೆ ಹಾಕಿದರೆ 3750 ಕಿಲೊ. ಹದಿನೈದು ಅಡಿಗೆ ಒಂದು ಅಡಿ ಇಳಿಯುವ ರಸ್ತೆ ಎಂದಿಟ್ಟುಕೊಳ್ಳಿ. ತೂಕವನ್ನು ಹದಿನೈದರಿಂದ ಭಾಗಿಸಿ. 250 ಕಿಲೊ ಬಲ ಟ್ರ್ಯಾಕ್ಟರನ್ನು ಹಿಂದಿನಿಂದ ದೂಡುತ್ತಾ ಇರುತ್ತದೆ. ಅರ್ಧರ್ಧ ಮಾಡಿ ಎರಡು ಟ್ರಿಪ್ಪಿನಲ್ಲಿ ತಂದರೆ ಅದೇ ಬಲ 160 ಕಿಲೊಗೆ ಇಳಿಯುತ್ತದೆ. ಇದು ಒಂದೇ ವೇಗದಲ್ಲಿ ಇಳಿಯುವಾಗಿನ ಮಾತು. ತಿರುವಿನಲ್ಲಿ ತಟಕ್ಕನೆ ಬ್ರೇಕ್ ಹಾಕಿದರೆ ದೂಡುವ ಬಲ ಇನ್ನೂ ಜಾಸ್ತಿ. ಆಗಲೇ ಟ್ರೈಲರ್ ಒಂದು ಪಕ್ಕಕ್ಕೆ ತಿರುಗಿ ಟ್ರ್ಯಾಕ್ಟರನ್ನು ಮಡಚಿ ಹಾಕುವುದು. ಒದ್ದೆ ರಸ್ತೆಯಲ್ಲಿ, ಅದರ ಮೇಲೆ ಕೆಸರಿದ್ದರೆ, ಟಯರಿನ ಹಿಡಿತ ಕಡಿಮೆಯಾಗುವುದರಿಂದ ಅಪಾಯ ಹೆಚ್ಚು.

“ಎರಡು ಟ್ರಿಪ್ ಯಾಕೆ ಮಾರಾಯ್ರೆ, ಒಟ್ಟಿಗೇ ಹಾಕುವ, ಎಳೀತದೆ” ಎಂದರು ಲೋಡು ಮಾಡಲು ಬಂದವರು. ಎಳೆಯುತ್ತದೆ, ಸಂಶಯವಿಲ್ಲ. ಎರಡನೇ ಟ್ರಿಪ್ಪಿಗೆ ನಮಗೆ ತಗುಲಿದ್ದು ಟ್ರೈಲರಿನ ಇನ್ನೊಂದು ದಿನದ ಬಾಡಿಗೆ ಮತ್ತು ಹೋಗಿ ಬರಲು ಸುಮಾರು 35 ಲೀಟರ್ ಡೀಸೆಲ್. ಎದುರಿಗೆ ಇಟ್ಟು ತೂಗಬೇಕಾದದ್ದು ಟ್ರ್ಯಾಕ್ಟರಿನ ಬೆಲೆ ಮತ್ತು ಸೀಟಿನಲ್ಲಿ ಕೂತವನ ಪ್ರಾಣ.

ಬಾಡಿಗೆ ಟ್ರೈಲರಿನಲ್ಲಿ ನೋಡಬೇಕಾದದ್ದು

ಅಂಗಳದಲ್ಲಿ ನಿಂತ ಟ್ರೈಲರುಗಳೆಲ್ಲ ಒಂದೇ ರೀತಿ ಕಾಣುತ್ತವೆ. ಹಣ ಕೊಡುವ ಮೊದಲು ಅರ್ಧ ಗಂಟೆ ನೋಡಿ.

ಟಯರುಗಳ ಪಕ್ಕದಲ್ಲಿ ಬಿರುಕು ಇರಬಾರದು, ಎರಡೂ ಕಡೆ ಗಾಳಿ ಒಂದೇ ಸಮ ಇರಬೇಕು. ಚಕ್ರದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ನೀವೇ ಬಿಗಿ ಮಾಡಿ. ಚಕ್ರವನ್ನು ಜಾಕಿನಲ್ಲಿ ಎತ್ತಿ ಅಲ್ಲಾಡಿಸಿದರೆ ಬೇರಿಂಗ್ ಸಡಿಲವೋ ಅಲ್ಲವೋ ಗೊತ್ತಾಗುತ್ತದೆ. ಕೊಂಡಿಯ ತೂತು ಸವೆದು ಉದ್ದಕ್ಕಾಗಿದ್ದರೆ ಆ ಟ್ರೈಲರ್ ಬೇಡ. ಪಿನ್ನು ಮೇಲಕ್ಕೆ ಹಾರದಂತೆ ಕೆಳಗೆ ಲಾಕ್ ಬೇಕೇ ಬೇಕು, ಸರಿಗೆ ಸುತ್ತಿದರೆ ಸಾಲದು. ಅದರ ಮೇಲೂ ಟ್ರ್ಯಾಕ್ಟರಿಗೂ ಟ್ರೈಲರಿಗೂ ಒಂದು ಗಟ್ಟಿ ಸಂಕೋಲೆ ಕಟ್ಟಿ.

ನಮಗೆ ಸಿಕ್ಕಿದ ಟ್ರೈಲರಿಗೆ ಹಿಂದೆ ದೀಪವೇ ಇರಲಿಲ್ಲ. ಟ್ರ್ಯಾಕ್ಟರಿನಿಂದ ವಯರು ಎಳೆದು ಎರಡು ಕೆಂಪು ದೀಪ ಹಾಕಿಸಿದೆ, ಹಿಂದಿನ ಹಲಗೆಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದೆ. ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ನಾವು ಕಾಣುವುದು ಇದರಿಂದಲೇ.

ಕಾಗದ ಪತ್ರವೂ ಮುಖ್ಯ. ಟ್ರೈಲರಿಗೆ ಪ್ರತ್ಯೇಕ ನೋಂದಣಿ ಸಂಖ್ಯೆ ಇರುತ್ತದೆ. ವಿಮೆ ಟ್ರೈಲರಿಗೂ ಸೇರಿದೆಯೇ ಎಂದು ಪಾಲಿಸಿ ತೆಗೆದು ಓದಿ. ಟ್ರ್ಯಾಕ್ಟರಿನಲ್ಲಿ ಇರುವುದು ಚಾಲಕನ ಒಂದೇ ಸೀಟು. ಮಡ್‌ಗಾರ್ಡಿನ ಮೇಲೆ, ಸಾಮಾನಿನ ಮೇಲೆ ಕೂತವರಿಗೆ ಏನಾದರೂ ಆದರೆ ವಿಮೆಯ ಹಣ ಸಿಗುವ ಭರವಸೆ ಇಲ್ಲ. ನಮ್ಮ ಮನೆಯವರು ಬಸ್ಸಿನಲ್ಲಿ ಬಂದರು. ದನಗಳನ್ನು ಪಿಕಪ್ಪಿನಲ್ಲಿ ಬೇರೆಯೇ ತಂದೆವು.

ಭಾರ ಇಡುವ ಜಾಗ

ಎರಡು ಚಕ್ರದ ಟ್ರೈಲರ್ ತಕ್ಕಡಿ ಇದ್ದ ಹಾಗೆ. ಭಾರ ಹಿಂದೆ ಹೆಚ್ಚಾದರೆ ಅದು ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಆಗ ಬ್ರೇಕ್ ಇರುವ ಹಿಂದಿನ ಚಕ್ರಗಳೇ ರಸ್ತೆಯ ಹಿಡಿತ ಕಳೆದುಕೊಳ್ಳುತ್ತವೆ. ಮುಂದೆ ವಿಪರೀತ ಹೇರಿದರೆ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತಿರುಗಿಸಿದರೂ ಕೇಳುವುದಿಲ್ಲ, ಏರಿನಲ್ಲಂತೂ ಮೂತಿ ಎತ್ತುತ್ತದೆ. ಹಾಗಾಗಿ ಪಂಪ್‌ಸೆಟ್, ರುಬ್ಬುವ ಕಲ್ಲು, ಅಕ್ಕಿ ಮೂಟೆ ಮುಂತಾದ ಭಾರದ ವಸ್ತುಗಳು ತಳದಲ್ಲಿ, ಅಚ್ಚಿನಿಂದ ಸ್ವಲ್ಪ ಮುಂದೆ ಇರಲಿ. ಹಾಸಿಗೆ, ಪಾತ್ರೆ, ಕುರ್ಚಿ ಮೇಲೆ. ಕಬ್ಬಿಣದ ಕಪಾಟನ್ನು ಮಲಗಿಸಿಯೇ ಇಡಿ.

ಬೈಹುಲ್ಲು, ಗಿಡದ ತೊಟ್ಟೆ, ಗೋಣಿಗಳು ನೆನೆದರೆ ತೂಕ ಏರುತ್ತದೆ, ಅದೂ ಮೇಲ್ಭಾಗದಲ್ಲಿ. ಎರಡು ಟಾರ್ಪಾಲು ಹಾಕುವುದಾದರೆ ಮುಂದಿನದ್ದರ ಅಂಚು ಹಿಂದಿನದ್ದರ ಮೇಲೆ ಬರಲಿ, ಆಗ ಗಾಳಿ ಒಳಗೆ ನುಗ್ಗುವುದಿಲ್ಲ. ನೈಲಾನ್ ಹಗ್ಗ ನೆನೆದರೆ ಸ್ವಲ್ಪ ಹಿಗ್ಗುತ್ತದೆ. ಹೊರಟ ಐದು ಕಿ.ಮೀ.ಗೆ ಒಮ್ಮೆ, ಘಾಟಿಗೆ ಮೊದಲು ಇನ್ನೊಮ್ಮೆ ನಿಲ್ಲಿಸಿ ಬಿಗಿ ಮಾಡಿದೆವು. ಎರಡು ಸಲವೂ ಸಡಿಲಾಗಿತ್ತು.

ಇಳಿಯುವ ಕ್ರಮ

ಗದ್ದೆಯಲ್ಲಿ ತಿರುಗಿಸಲು ಅನುಕೂಲವಾಗಲಿ ಎಂದು ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇರುತ್ತವೆ. ರಸ್ತೆಗೆ ಇಳಿಯುವ ಮೊದಲು ಅವೆರಡನ್ನೂ ಲಾಕ್ ಹಾಕಿ ಸೇರಿಸಲೇಬೇಕು. ಒಂದೇ ಪೆಡಲ್ ಒತ್ತಿಹೋದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಉಳಿದ ಕೆಲಸ ಮುಗಿಸುತ್ತದೆ.

ಏರುವಾಗ ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂಬ ಹಿರಿಯರ ಮಾತು ಟ್ರೈಲರಿಗೆ ಇನ್ನೂ ಹೆಚ್ಚು ಸರಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಹಾಕಿ. ನಡುವೆ ಬದಲಿಸಲು ಹೋಗಿ ಗೇರ್ ಬೀಳದಿದ್ದರೆ ಗಾಡಿ ನಮ್ಮ ಕೈಯಲ್ಲಿಲ್ಲ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಕ್ಲಚ್ ಮೇಲೆ ಕಾಲು ಇಟ್ಟುಕೊಂಡು ಇಳಿಯುವುದು ಬೇಡವೇ ಬೇಡ. ಗಾಡಿಯನ್ನು ಹಿಡಿಯಬೇಕಾದದ್ದು ಇಂಜಿನು, ಬ್ರೇಕ್ ಅದಕ್ಕೆ ಸಹಾಯಕ ಮಾತ್ರ. ಬ್ರೇಕನ್ನು ತಿರುವಿಗೆ ಮೊದಲು, ರಸ್ತೆ ನೇರ ಇರುವಲ್ಲೇ ಹಾಕಿ ಮುಗಿಸಿ.

ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ನಾವು ಮಾರನಹಳ್ಳಿಯಿಂದ ಗುಂಡ್ಯದವರೆಗೆ 15ರ ಮೇಲೆ ಹೋಗಲಿಲ್ಲ. ಹಿಂದೆ ಲಾರಿಗಳು ಹಾರ್ನ್ ಹಾಕಿದವು. ಅಗಲ ಇದ್ದಲ್ಲಿ ಬದಿಗೆ ಸರಿದು ಬಿಟ್ಟುಕೊಟ್ಟೆವು, ಅವಸರ ಅವರದ್ದು.

ಎಲ್ಲಿ ನಿಲ್ಲಿಸಬೇಕು?

ಮಳೆ ಜೋರಾದರೆ ನಿಲ್ಲಿಸಿ ಎನ್ನುವುದು ಸುಲಭ, ಎಲ್ಲಿ ಎಂಬುದು ಪ್ರಶ್ನೆ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ಕಡೆ ಗುಡ್ಡ ಜರಿದು ರಸ್ತೆ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಗಂಗಾವಳಿ ನದಿಗೆ ಹೋದವು. ಅವರು ವೇಗವಾಗಿ ಓಡಿಸಿದವರಲ್ಲ, ನಿಲ್ಲಿಸಿದವರು.

ಆದ್ದರಿಂದ ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ, ತೋಡು ರಸ್ತೆ ದಾಟುವಲ್ಲಿ, ಹೊಳೆ ಬದಿಯ ಹೊಸ ಮಣ್ಣಿನ ಮೇಲೆ ನಿಲ್ಲಿಸಬೇಡಿ. ಧರೆಯಿಂದ ಕೆಂಪು ನೀರು ಬರುವುದು, ಸಣ್ಣ ಕಲ್ಲು ಉರುಳುವುದು, ಮರ ವಾಲಿರುವುದು ಕಂಡರೆ ಅಲ್ಲಿಂದ ದೂರ ಸರಿಯಿರಿ. ನಮ್ಮ ಮೊದಲ ಟ್ರಿಪ್ಪಿನ ದಿನ ಬೆಳಗ್ಗೆ ಮಂಜು, ಮಳೆ ಎರಡೂ ಇತ್ತು. ಘಾಟಿ ಶುರುವಾಗುವ ಮೊದಲೇ ಸಮತಟ್ಟು ಜಾಗದಲ್ಲಿ ಎರಡು ಗಂಟೆ ಕಾದೆವು. ಟ್ರೈಲರಿನ ಎರಡೂ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟಿದ್ದೆವು. ನಡುಘಾಟಿಯಲ್ಲಿ ಕಾಯುವುದಕ್ಕಿಂತ ಮೇಲೆ ಕಾಯುವುದು ಒಳ್ಳೆಯದು.

ಹೊರಡುವ ದಿನ ಘಾಟಿ ತೆರೆದಿದೆಯೇ, ನಿಮ್ಮ ತರದ ವಾಹನ ಬಿಡುತ್ತಾರೆಯೇ ಎಂದು ಪೊಲೀಸ್ ಠಾಣೆಯಲ್ಲಿ ಕೇಳಿಯೇ ಹೊರಡಿ. ಮಳೆಗಾಲದಲ್ಲಿ ಈ ಆದೇಶಗಳು ಬದಲಾಗುತ್ತಲೇ ಇರುತ್ತವೆ. ಕತ್ತಲಾಗುವ ಮೊದಲು ಘಾಟಿ ಇಳಿದಾಗುವ ಹಾಗೆ ಬೆಳಗ್ಗೆಯೇ ಹೊರಡಿ. ಸಾಮಾನು ಇಳಿಸಿಕೊಳ್ಳುವವರಿಗೆ ಇಂಥ ಗಂಟೆಗೆ ಬರುತ್ತೇವೆ ಎಂದು ಮಾತು ಕೊಡಬೇಡಿ. ಕೊಟ್ಟ ಗಂಟೆಯೇ ಗಾಡಿಯನ್ನು ಓಡಿಸುತ್ತದೆ.