ಕೊನೆಗೆ ಉಣ್ಣುವ ಮಗಳು, ಅಳಬಾರದ ಮಗ



ಎಳೆಯ ಅಡಿಕೆ ಗಿಡಕ್ಕೆ ನೈರುತ್ಯದ ಬಿಸಿಲು ಬಡಿದರೆ ಕಾಂಡ ಸುಟ್ಟು ಸೀಳುತ್ತದೆ. ಮುಂದೆ ಮರವಾದಾಗ ಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಅದಕ್ಕಾಗಿಯೇ ನಾವು ಬಾಳೆಯ ನೆರಳು ಕೊಡುತ್ತೇವೆ. 10ರಿಂದ 19 ವರ್ಷದ ಹದಿಹರೆಯವೂ ಅಂಥದೇ ಕಾಲ. ಶರೀರ ಬೆಳೆಸುವುದು ಪ್ರಕೃತಿಯ ಕೆಲಸವಾದರೂ 'ಹುಡುಗಿ ಹೀಗಿರಬೇಕು, ಹುಡುಗ ಹಾಗಿರಬೇಕು' ಎಂಬ ಮನೆಯ ರೂಢಿಯೂ ಅದರಲ್ಲಿ ಕೈಯಾಡಿಸುತ್ತದೆ.

ಮನೆ ಭೇಟಿಗೆ ಹೋದಾಗ ನಾನು ಕಂಡದ್ದಿದು. ಗಂಡಸರ ಊಟ ಮೊದಲು. ಬಂಗುಡೆಯ ದೊಡ್ಡ ತುಂಡು ಮಗನಿಗೆ, ಅವನು ತೋಟದಲ್ಲಿ ದುಡಿಯುವವನೆಂದು. ಬಡಿಸಿದ ಮಗಳಿಗೆ ಕೊನೆಗೆ ಗಂಜಿ, ಉಳಿದ ಸಾರು. ಬಾವಿಯ ನೀರು, ದನದ ಹುಲ್ಲು ಅವಳದೇ ಪಾಲು. ಅದು ಮಾತ್ರ ದುಡಿಮೆಯ ಲೆಕ್ಕಕ್ಕಿಲ್ಲ! ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಎತ್ತರಕ್ಕೆ ಬೆಳೆಯುತ್ತಾರೆ. ಜೊತೆಗೆ ತಿಂಗಳ ಮುಟ್ಟಿನಲ್ಲಿ ಕಬ್ಬಿಣಾಂಶ ನಷ್ಟವಾಗುತ್ತದೆ. ಹೆಚ್ಚು ಬೇಕಾದವಳಿಗೇ ಕಡಿಮೆ ಸಿಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ. ಊಟದ ಸರದಿಯೊಂದೇ ಇದಕ್ಕೆ ಕಾರಣವಲ್ಲ. ಆದರೆ ಬೇಗ ದಣಿಯುವ, ಪಾಠ ತಲೆಗೆ ಹತ್ತದ ಮಗಳನ್ನು ನಾವು 'ಸೋಮಾರಿ' ಎನ್ನುತ್ತೇವೆ, ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ಸೋಮಾರಿತನವಲ್ಲ.

ಮಗನಿಗೂ ಈ ರೂಢಿಯಿಂದ ಸುಖವಿಲ್ಲ. ಅಡಿಕೆಗೆ ಮದ್ದು ಬಿಡುವಾಗ ಕನ್ನಡಕ, ಮುಖವಸ್ತ್ರ ಹಾಕಿದರೆ ಗೆಳೆಯರು ನಗುತ್ತಾರೆ. ಮೈಲುತುತ್ತು, ಸುಣ್ಣ ಕಣ್ಣಿಗೆ ಬಿದ್ದರೂ ಗಂಡಸು ಸಹಿಸಬೇಕು. ಪರೀಕ್ಷೆಯಲ್ಲಿ ನಪಾಸಾಗಿ ಕಣ್ಣೀರು ಬಂದರೆ 'ನೀನೇನು ಹೆಣ್ಣೇ?' ಎಂಬ ಪ್ರಶ್ನೆ. ಒಂದೇ ಮಾತಿನಲ್ಲಿ ಮಗನಿಗೂ ಮಗಳಿಗೂ ಅವಮಾನ. ದುಃಖ ಹೇಳಲು ಕಲಿಯದ ಹುಡುಗ ಮುಂದೆ ಅದನ್ನು ಸಾರಾಯಿಯಲ್ಲಿ ಮುಳುಗಿಸುವುದನ್ನು ನಾನು ಕಂಡಿದ್ದೇನೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಇಬ್ಬರೂ ಊಟದ ನಂತರ ನುಂಗಲಿ. ಮಲ ಕಪ್ಪಾದರೆ ಹೆದರಬೇಡಿ. ಊಟದೊಂದಿಗೆ ಚಹಾ ಬೇಡ, ಒಂದು ಗಂಟೆ ಕಳೆಯಲಿ. ಹರಿವೆ, ಹೆಸರುಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಮುಟ್ಟಿನ ಸ್ರಾವ ಏಳು ದಿನಕ್ಕಿಂತ ಹೆಚ್ಚು ಇದ್ದರೆ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ತಾಯಿಗೆ ಬಿಡುವಿಲ್ಲದಿದ್ದರೆ ತಂದೆಯೇ ಹೋಗಬಹುದು.