ಮನೆಯಲ್ಲೇ ಮೀಲ್‌ವರ್ಮ್ ಸಾಕಣೆ: ಕೋಳಿಗೆ, ಮೀನಿಗೆ ಸರಿ, ಹಸುವಿಗೆ ಬೇಡ

ಪಶುವೈದ್ಯಾಧಿಕಾರಿಯ ಪುಟ



ಈಚೆಗೆ ಸಂಘದ ಸಭೆಗಳಲ್ಲಿ, ಬರಡುರಾಸು ತಪಾಸಣಾ ಶಿಬಿರಗಳಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. "ಬೂಸಾದಲ್ಲಿ ಹುಳ ಸಾಕೋದನ್ನ ಮೊಬೈಲಲ್ಲಿ ತೋರಿಸ್ತಾರಲ್ಲ ಡಾಕ್ಟ್ರೇ, ನಾವೂ ಮಾಡಬಹುದಾ?" ಅದರ ಬೆನ್ನಿಗೇ ಎರಡನೆಯ ಪ್ರಶ್ನೆ: "ಅದರಲ್ಲಿ ಪ್ರೋಟೀನ್ ಜಾಸ್ತಿಯಂತೆ, ಹಸುವಿಗೆ ಹಾಕಿದ್ರೆ ಹಾಲು ಹೆಚ್ಚುತ್ತಾ?"

ಮೊದಲನೆಯ ಪ್ರಶ್ನೆಗೆ ಉತ್ತರ: ಮಾಡಬಹುದು. ಹಿತ್ತಲ ನಾಟಿಕೋಳಿಗೆ, ಅಕ್ವೇರಿಯಂ ಮೀನಿಗೆ ಒಳ್ಳೆಯ ಮೇವು. ಎರಡನೆಯ ಪ್ರಶ್ನೆಗೆ ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ಎರಡಕ್ಕೂ ಕಾರಣಗಳನ್ನು ಈ ಪಾಠದಲ್ಲಿ ನೋಡೋಣ.

ಈ ಹುಳ ಯಾವುದು?

ಮೀಲ್‌ವರ್ಮ್ ಎಂದರೆ ಒಂದು ಕಪ್ಪು ದುಂಬಿಯ ಮರಿಹುಳು. ವೈಜ್ಞಾನಿಕ ಹೆಸರು ಟೆನೆಬ್ರಿಯೊ ಮಾಲಿಟರ್. ಹಿಟ್ಟು, ಬೂಸಾ, ಹಳೆಯ ಧಾನ್ಯ ಇದರ ಆಹಾರ. ಅಂದರೆ ಹುಟ್ಟಿನಿಂದ ಇದು ಉಗ್ರಾಣದ ಪೀಡೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರೇಷ್ಮೆ ಸಾಕಿದವರಿಗೆ ಇದರ ಬದುಕು ಸುಲಭವಾಗಿ ಅರ್ಥವಾಗುತ್ತದೆ. ಮೊಟ್ಟೆ, ಹುಳು, ಕೋಶ, ದುಂಬಿ ಎಂಬ ನಾಲ್ಕು ಹಂತಗಳು. ರೇಷ್ಮೆಹುಳುವಿನಂತೆ ಗೂಡು ಮಾತ್ರ ಕಟ್ಟುವುದಿಲ್ಲ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮೊಟ್ಟೆ ಒಡೆಯಲು ಒಂದೆರಡು ವಾರ, ಹುಳು ಪೊರೆ ಕಳಚುತ್ತಾ ಒಂದು ಅಂಗುಲ ಉದ್ದ ಬೆಳೆಯಲು ಎಂಟು ಹತ್ತು ವಾರ, ಕೋಶದ ಹಂತಕ್ಕೆ ಒಂದೆರಡು ವಾರ. ದುಂಬಿ ಎರಡು ಮೂರು ತಿಂಗಳು ಬದುಕಿ ಕೆಲವು ನೂರು ಮೊಟ್ಟೆ ಇಡುತ್ತದೆ. ಚಳಿ ಇದ್ದರೆ ಎಲ್ಲ ಹಂತವೂ ನಿಧಾನ.

ಹಸಿ ಹುಳುವಿನಲ್ಲಿ ಸುಮಾರು 60 ಭಾಗ ನೀರು, 20 ಭಾಗದ ಹತ್ತಿರ ಪ್ರೋಟೀನ್, 13 ಭಾಗದಷ್ಟು ಕೊಬ್ಬು ಇರುತ್ತದೆ. ಒಣಗಿಸಿದರೆ ಪ್ರೋಟೀನ್ ಅರ್ಧದಷ್ಟಾಗುತ್ತದೆ. ಆದರೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತೀರಾ ಕಡಿಮೆ.

ಬೇಕಾಗುವ ಸಾಮಾನು

- ನುಣುಪಾದ ಗೋಡೆಯ, ಗೇಣುದ್ದ ಎತ್ತರದ ಮೂರು ನಾಲ್ಕು ಪ್ಲಾಸ್ಟಿಕ್ ಟಬ್. ನುಣುಪು ಗೋಡೆಯನ್ನು ಹುಳು ಹತ್ತಲಾರದು. ರಟ್ಟಿನ ಪೆಟ್ಟಿಗೆಯನ್ನು ಕೊರೆದುಬಿಡುತ್ತದೆ.
- ಬಾಯಿಗೆ ಕಟ್ಟಲು ಸಣ್ಣ ಕಣ್ಣಿನ ಸೊಳ್ಳೆಪರದೆ ಬಟ್ಟೆ. ಗಾಳಿ ಆಡಬೇಕು, ಹಲ್ಲಿ, ಇಲಿ ಒಳಗೆ ಹೋಗಬಾರದು.
- ಒಂದು ಜರಡಿ.
- ಗೋಧಿ ಬೂಸಾ.
- ಶುರುವಿಗೆ 100 ಗ್ರಾಂ ದೊಡ್ಡ ಹುಳು. ಇದರಲ್ಲಿ ಹೆಚ್ಚುಕಡಿಮೆ ಸಾವಿರ ಹುಳು ಇರುತ್ತವೆ. ನಗರಗಳಲ್ಲಿ ಸಾಕುಪ್ರಾಣಿ, ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಸತ್ತು ಕಪ್ಪಾದ, ವಾಸನೆ ಬರುವ ಹುಳು ತೆಗೆದುಕೊಳ್ಳಬೇಡಿ.

ಸಾಕುವ ಕ್ರಮ

1. ಬೂಸಾ ಹದಮಾಡುವುದು: ಮೊದಲು ನಿಮ್ಮ ಜರಡಿಯಲ್ಲಿ ಬೂಸಾ ಜಾಲಿಸಿ, ಕೆಳಗೆ ಬಿದ್ದ ಸಣ್ಣದನ್ನು ಮಾತ್ರ ಇಟ್ಟುಕೊಳ್ಳಿ. ಮುಂದೆ ಇದೇ ಜರಡಿಯಲ್ಲಿ ಜಾಲಿಸಿದಾಗ ಬೂಸಾ ಪೂರ್ತಿ ಕೆಳಗೆ ಇಳಿದು ದುಂಬಿಗಳು ಮಾತ್ರ ಮೇಲೆ ನಿಲ್ಲುತ್ತವೆ. ಆಮೇಲೆ ಬಾಣಲೆಯಲ್ಲಿ ಕೈ ತಾಳದಷ್ಟು ಬಿಸಿ ಮಾಡಿ, ಪೂರ್ತಿ ಆರಿಸಿ. ಅದರಲ್ಲಿದ್ದ ಬೇರೆ ಹುಳ, ನುಸಿಯ ಮೊಟ್ಟೆ ಸಾಯುತ್ತದೆ. ಟಬ್ಬಿಗೆ ಮೂರು ಬೆರಳು ದಪ್ಪ ಹರಡಿ ಹುಳು ಬಿಡಿ.

2. ನೀರು: ನೀರು ಚಿಮುಕಿಸಲೇಬೇಡಿ, ಬಟ್ಟಲಲ್ಲಿಯೂ ಇಡಬೇಡಿ. ಬೂಸಾ ಬೂಷ್ಟು ಹಿಡಿಯುತ್ತದೆ. ಕ್ಯಾರೆಟ್, ಆಲೂಗಡ್ಡೆ, ಸೋರೆಕಾಯಿ ಇವುಗಳ ಒಂದೆರಡು ತೆಳು ಬಿಲ್ಲೆ ತೊಳೆದು, ಒರೆಸಿ, ಮೇಲೆ ಇಟ್ಟರೆ ಹುಳುವಿಗೆ ಬೇಕಾದ ನೀರು ಅದರಲ್ಲೇ ಸಿಗುತ್ತದೆ. ಉಳಿದದ್ದನ್ನು ಮಾರನೇ ದಿನ ತೆಗೆದುಬಿಡಿ.

3. ಕೋಶ ಬೇರೆ ಮಾಡುವುದು: ಕೆಲವು ವಾರದಲ್ಲಿ ಹುಳು ಬಾಗಿ, ಬಿಳಿಚಿ ಕೋಶವಾಗುತ್ತದೆ. ಅದು ತಿನ್ನುವುದಿಲ್ಲ, ಓಡುವುದಿಲ್ಲ. ಬಿಟ್ಟರೆ ಉಳಿದ ಹುಳುಗಳೇ ಅದನ್ನು ಕಚ್ಚಿ ತಿನ್ನುತ್ತವೆ. ದಿನಕ್ಕೊಮ್ಮೆ ಚಮಚದಲ್ಲಿ ಎತ್ತಿ ಎರಡನೇ ಟಬ್ಬಿಗೆ ಹಾಕಿ.

4. ದುಂಬಿ: ಕೋಶದಿಂದ ಬರುವ ದುಂಬಿ ಮೊದಲು ಬಿಳಿ, ಆಮೇಲೆ ಕಂದು, ಕೊನೆಗೆ ಕಪ್ಪು. ಇವನ್ನು ಹೊಸ ಬೂಸಾ ಇರುವ ಮೂರನೇ ಟಬ್ಬಿಗೆ ಬಿಟ್ಟು ತರಕಾರಿ ಬಿಲ್ಲೆ ಕೊಡಿ. ಒಂದೆರಡು ವಾರದಲ್ಲಿ ಮೊಟ್ಟೆ ಇಡಲು ಶುರು ಮಾಡುತ್ತವೆ. ಮೊಟ್ಟೆ ಅಂಟಂಟಾಗಿ, ಬೂಸಾ ಮೆತ್ತಿಕೊಂಡು ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ.

5. ಜರಡಿ ಹಿಡಿಯುವುದು: ದುಂಬಿಗಳು ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ. ಆದ್ದರಿಂದ ಎರಡು ವಾರಕ್ಕೊಮ್ಮೆ ಜರಡಿ ಹಿಡಿದು ದುಂಬಿಗಳನ್ನು ಹೊಸ ಬೂಸಾಕ್ಕೆ ಹಾಕಿ. ಕೆಳಗೆ ಬಿದ್ದ ಬೂಸಾದಲ್ಲಿ ಮೊಟ್ಟೆ ಇದೆ. ಅದನ್ನು ಚೆಲ್ಲದೆ ನಾಲ್ಕನೇ ಟಬ್ಬಿಗೆ ಹಾಕಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ.

6. ಕಾಯುವುದು: ಹೊಸ ಮರಿ ನೂಲಿನ ಎಳೆಯಷ್ಟು ಸಣ್ಣ. ತಿಂಗಳವರೆಗೆ ಟಬ್ ಖಾಲಿಯಂತೆಯೇ ಕಾಣುತ್ತದೆ. ಏನೂ ಆಗಲಿಲ್ಲವೆಂದು ಎಸೆಯಬೇಡಿ. ಬೂಸಾದ ಮೇಲ್ಮೈ ಮೆಲ್ಲಗೆ ಅಲುಗುತ್ತಿದ್ದರೆ ಒಳಗೆ ಮರಿಗಳಿವೆ.

ತಂದ ದಿನದಿಂದ ನಿಮ್ಮದೇ ಮೊದಲ ಬೆಳೆ ಕೈಗೆ ಬರಲು ನಾಲ್ಕೈದು ತಿಂಗಳು ಬೇಕು. "ತಿಂಗಳಲ್ಲಿ ಹತ್ತುಪಟ್ಟು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲಿಡಬೇಕು?

ಕೊಟ್ಟಿಗೆಯಲ್ಲಿ ಬೇಡ. ಪಶು ಆಹಾರದ ಮೂಟೆ ಇರುವ ಕೋಣೆಯಲ್ಲಂತೂ ಬೇಡವೇ ಬೇಡ. ಹುಟ್ಟಿನಿಂದ ಉಗ್ರಾಣದ ಪೀಡೆ ಎಂದು ಮೊದಲೇ ಹೇಳಿದೆನಲ್ಲ, ನಾಲ್ಕು ದುಂಬಿ ತಪ್ಪಿಸಿಕೊಂಡು ಮೂಟೆ ಸೇರಿದರೆ ಹಸುವಿನ ಆಹಾರದಲ್ಲೇ ಸಂಸಾರ ಹೂಡುತ್ತವೆ. ಬಿಸಿಲು ಬೀಳದ, ಗಾಳಿಯಾಡುವ, ಬೇರೆ ಜಾಗ ನೋಡಿ.

ಹೈನು ಮನೆಯಲ್ಲಿ ಇನ್ನೊಂದು ಅಪಾಯವಿದೆ. ರಾಸುಗಳ ಉಣ್ಣೆಗೆ ಹೊಡೆಯುವ ಔಷಧ ಹುಳುವಿಗೂ ವಿಷವೇ. ಔಷಧ ಹೊಡೆದ ಕೈಯಲ್ಲಿ ಟಬ್ ಮುಟ್ಟಬೇಡಿ. ಇರುವೆ ಬಾರದಂತೆ ಟಬ್ಬಿನ ಸುತ್ತ ಇರುವೆ ಚಾಕ್ ಎಳೆಯಬೇಡಿ, ಅದೂ ಕೀಟನಾಶಕ. ಟಬ್ ಇಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಸಾಕು. ಧಾನ್ಯಕ್ಕೆ ಹಾಕುವ ಅಭ್ಯಾಸದಲ್ಲಿ ಇಲ್ಲಿಗೂ ಬೇವಿನ ಸೊಪ್ಪು ಹಾಕಬೇಡಿ, ಹುಳು ಬೆಳೆಯುವುದಿಲ್ಲ.

ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯ ಬಿಸಿ ಇದಕ್ಕೆ ಆಗದು. ಒತ್ತೊತ್ತಾಗಿ ಇದ್ದರೆ ಹುಳುಗಳ ಮೈಶಾಖದಿಂದಲೇ ಟಬ್ ಇನ್ನಷ್ಟು ಕಾಯುತ್ತದೆ. ಬೇಸಿಗೆಯಲ್ಲಿ ಹುಳುಗಳನ್ನು ಎರಡು ಟಬ್ಬಿಗೆ ಹಂಚಿ, ತಂಪು ಜಾಗದಲ್ಲಿಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಮತ್ತು ನುಸಿಯ ಕಾಟ. ಆಗ ತರಕಾರಿ ಕಡಿಮೆ ಮಾಡಿ, ಬೂಸಾ ಬೇಗ ಬದಲಿಸಿ.

ಯಾರಿಗೆ ಎಷ್ಟು ಕೊಡಬೇಕು?

ನಾಟಿಕೋಳಿ: ದೊಡ್ಡ ಕೋಳಿಗೆ ದಿನಕ್ಕೆ ಹತ್ತು ಹದಿನೈದು ಹುಳು ಸಾಕು. ಇದು ಊಟದ ಜೊತೆಯ ಪಲ್ಯದಂತೆ, ಊಟವಲ್ಲ. ಬರೀ ಹುಳು ತಿಂದ ಮೊಟ್ಟೆಕೋಳಿಗೆ ಸುಣ್ಣ ಸಾಲದೆ ತೆಳು ಸಿಪ್ಪೆಯ ಮೊಟ್ಟೆ ಬರುತ್ತದೆ. ಕಪ್ಪೆಚಿಪ್ಪಿನ ಪುಡಿ ಅಥವಾ ಕಾಯಿಸಿ ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಬೇರೆ ಬಟ್ಟಲಲ್ಲಿ ಯಾವಾಗಲೂ ಇರಲಿ. ಸಣ್ಣ ಮರಿಗಳಿಗೆ ಮರಿ ಆಹಾರವೇ ಮುಖ್ಯ. ಕೊಟ್ಟರೆ ಸಣ್ಣ ಹುಳು ಒಂದೆರಡು.

ಅಕ್ವೇರಿಯಂ ಮೀನು: ಗೋಲ್ಡ್ ಫಿಶ್‌ನಂಥ ಮೀನಿಗೆ ವಾರಕ್ಕೆ ಒಂದೆರಡು ಸಲ, ಬಾಯಿಗೆ ಹಿಡಿಯುವಷ್ಟು ಕತ್ತರಿಸಿ ಕೊಡಿ. ಉಳಿದ ಚೂರು ನೀರು ಕೆಡಿಸುತ್ತದೆ, ತೆಗೆದುಬಿಡಿ.

ಪಂಜರದ ಹಕ್ಕಿ: ಲವ್ ಬರ್ಡ್ಸ್ ಮುಖ್ಯವಾಗಿ ಕಾಳು ತಿನ್ನುವ ಹಕ್ಕಿಗಳು, ಅವಕ್ಕೆ ಹುಳು ಅಗತ್ಯವಿಲ್ಲ. ಪ್ರಸಂಗ ಬಂದಿದ್ದರಿಂದ ಹೇಳುತ್ತೇನೆ: ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ನಾಯಿ: ಒಂದೆರಡು ತಿಂದರೆ ತೊಂದರೆಯಿಲ್ಲ, ಆದರೆ ಬೇಕೆಂದೇನೂ ಇಲ್ಲ.

ಹಸುವಿಗೆ ಏಕೆ ಬೇಡ?

ಮೊದಲನೆಯದು, ಹಸುವಿನ ಹೊಟ್ಟೆ ಬೇರೆ ರೀತಿಯದು. ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು, ಸೊಪ್ಪು, ಹಿಂಡಿಯಿಂದಲೇ ಪ್ರೋಟೀನ್ ತಯಾರಿಸಿ ಕೊಡುತ್ತವೆ. ಹಸುವಿಗೆ ಪ್ರೋಟೀನ್ ಸಾಲದಿದ್ದರೆ ಕುದುರೆಮೆಂತೆ, ಅಲಸಂದೆ, ಅಜೋಲ್ಲಾ, ಸಮತೋಲನ ಪಶು ಆಹಾರ ಇವೆ.

ಎರಡನೆಯದು, ಮೆಲುಕು ಹಾಕುವ ಪ್ರಾಣಿಗೆ ಪ್ರಾಣಿಜನ್ಯ ಆಹಾರ ಹಾಕಿದ ಪಾಠವನ್ನು ಜಗತ್ತು ಕಲಿತದ್ದು ದುಬಾರಿ ಬೆಲೆಗೆ. 1986ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಿದ 'ಹುಚ್ಚು ಹಸು' ರೋಗ ಹರಡಿದ್ದು ದನಗಳಿಗೆ ಮಾಂಸ, ಮೂಳೆಯ ಪುಡಿ ತಿನ್ನಿಸಿದ್ದರಿಂದ. ಹುಳು ಮತ್ತು ಮೂಳೆಪುಡಿ ಒಂದೇ ಅಲ್ಲ, ನಿಜ. ಆದರೂ ಯುರೋಪಿಯನ್ ಒಕ್ಕೂಟ ಕೀಟದ ಪ್ರೋಟೀನನ್ನು 2017ರಲ್ಲಿ ಮೀನು ಸಾಕಣೆಗೆ, 2021ರಲ್ಲಿ ಕೋಳಿ ಮತ್ತು ಹಂದಿಗೆ ಒಪ್ಪಿದಾಗಲೂ ದನಗಳಿಗೆ ಬಾಗಿಲು ತೆರೆಯಲಿಲ್ಲ.

ಮೂರನೆಯದು, ಹುಳು ತಿಂದು ಬಿಟ್ಟ ಬೂಸಾ. ಅದರಲ್ಲಿ ಹಿಕ್ಕೆ, ಪೊರೆ, ಸತ್ತ ಹುಳು, ಕಣ್ಣಿಗೆ ಕಾಣದ ಬೂಷ್ಟು ಎಲ್ಲ ಇರುತ್ತದೆ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇದ್ದರೆ ಅದು ಹಸುವಿನ ಮೂಲಕ ಹಾಲಿಗೆ ಬರುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. "ಚೆಲ್ಲುವುದೇಕೆ" ಎಂದು ಆ ಬೂಸಾವನ್ನು ಕಲಗಚ್ಚಿಗೆ ಸುರಿದರೆ ನಿಮ್ಮ ಮನೆಯ ಹಾಲಷ್ಟೇ ಅಲ್ಲ, ಸಂಘದ ಕ್ಯಾನೇ ಕೆಡುತ್ತದೆ. ಬೂಷ್ಟು ಹಿಡಿದ ಬೂಸಾವನ್ನು "ಹಸುವಿಗೆ ಆಗದು, ಹುಳುವಿಗಾದರೂ ಇರಲಿ" ಎಂದು ಟಬ್ಬಿಗೂ ಹಾಕಬೇಡಿ.

ಉಳಿದ ಮರಳಿನಂಥ ಪುಡಿ ಒಳ್ಳೆಯ ಗೊಬ್ಬರ. ಕೈತೋಟದ ಗಿಡದ ಬುಡಕ್ಕೆ ಒಂದು ಹಿಡಿ ಹಾಕಿ, ಇಲ್ಲವೇ ತಿಪ್ಪೆಗೆ ಸೇರಿಸಿ. ಅದಕ್ಕೆ ಮೊದಲು ಹುಳು, ಮೊಟ್ಟೆ ಉಳಿಯದಂತೆ ಕಡು ಬಿಸಿಲಿನಲ್ಲಿ ತೆಳ್ಳಗೆ ಹರಡಿ ಕಾಯಿಸಿ.

ನಿಮ್ಮ ಆರೋಗ್ಯ

ಜರಡಿ ಹಿಡಿಯುವಾಗ ಏಳುವ ದೂಳಿನಿಂದ ಕೆಲವರಿಗೆ ಸೀನು, ತುರಿಕೆ, ಉಬ್ಬಸ ಬರುತ್ತದೆ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಜಾಲಿಸಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ, ಸೀಗಡಿ ಒಗ್ಗದವರಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಇಲಿ ಹಿಕ್ಕೆ, ಕೋಳಿ ಹಿಕ್ಕೆ ಟಬ್ಬಿಗೆ ಬೀಳಬಾರದು. ಅದರಲ್ಲಿರುವ ಲಾಡಿಹುಳುವಿನ ಮೊಟ್ಟೆಯನ್ನು ಇಂಥ ದುಂಬಿಗಳು ತಿಂದರೆ ಲಾಡಿಹುಳು ಅವುಗಳ ಹೊಟ್ಟೆಯಲ್ಲಿ ಬೆಳೆದು, ದುಂಬಿ ತಿಂದ ಕೋಳಿಗೆ ದಾಟುತ್ತದೆ. ಇಲಿಯ ಲಾಡಿಹುಳು ಅಪರೂಪಕ್ಕೆ ಮಕ್ಕಳಿಗೂ ಅಂಟುತ್ತದೆ. ಟಬ್ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಹಾಲು ಕರೆಯಿರಿ.

ಲಾಭದ ಮಾತು

ಒಂದು ಕಿಲೋ ಹಸಿ ಹುಳು ಬೆಳೆಯಲು ಎರಡರಿಂದ ಎರಡೂವರೆ ಕಿಲೋ ಬೂಸಾ ಬೇಕು, ತರಕಾರಿ ಬೇರೆ. ನಿಮ್ಮೂರಿನ ಬೂಸಾ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ. ಹತ್ತು ಹದಿನೈದು ಕೋಳಿ ಇರುವ ಮನೆಗೆ ಇದು ಅನುಕೂಲ, ದಿನಕ್ಕೆ ಹತ್ತು ನಿಮಿಷದ ಕೆಲಸ. ಮಾರಾಟಕ್ಕೆ ಎಂದಾದರೆ ಮೊದಲು ಹತ್ತಿರದ ಪಟ್ಟಣದ ಅಂಗಡಿಯಲ್ಲಿ ಕೊಳ್ಳುವವರಿದ್ದಾರೆಯೇ, ತಿಂಗಳಿಗೆ ಎಷ್ಟು, ಯಾವ ಬೆಲೆಗೆ ಎಂದು ಕೇಳಿಕೊಂಡು ಬನ್ನಿ. ಆಮೇಲೆ ಟಬ್ ಹೆಚ್ಚಿಸಿ. "ಹುಳು ನಾವೇ ಕೊಡ್ತೀವಿ, ಬೆಳೆದದ್ದನ್ನ ನಾವೇ ಕೊಳ್ತೀವಿ, ಮೊದಲು ದುಡ್ಡು ಕಟ್ಟಿ" ಎನ್ನುವವರ ಹತ್ತಿರ ಹುಷಾರು. ಎಮು ಸಾಕಣೆಯ ಕಾಲದಲ್ಲಿ ಇಂಥ ಮಾತು ನಂಬಿ ಕೈ ಸುಟ್ಟುಕೊಂಡ ರೈತರು ಬಹಳ. ಸ್ವಸಹಾಯ ಸಂಘದ ಸಾಲ ತೆಗೆದು, ಹಸು ಮಾರಿ ಇದಕ್ಕೆ ಇಳಿಯಬೇಡಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಬೂಸಾ ಬದಲು ಅಕ್ಕಿ ತೌಡು ಹಾಕಬಹುದೇ?
ಸ್ವಲ್ಪ ಬೆರೆಸಬಹುದು. ತೌಡಿನಲ್ಲಿ ಎಣ್ಣೆ ಹೆಚ್ಚು, ಬೇಗ ಕಮಟುತ್ತದೆ. ಗೋಧಿ ಬೂಸಾವೇ ಒಳ್ಳೆಯದು.

ಹುಳು ಹೆಚ್ಚಾದರೆ?
ಬಾಯಿಗೆ ಸಣ್ಣ ತೂತು ಮಾಡಿದ ಡಬ್ಬಿಯಲ್ಲಿ ಬೂಸಾ ಸಮೇತ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಇಟ್ಟರೆ ಕೆಲವು ವಾರ ಬೆಳವಣಿಗೆ ನಿಲ್ಲುತ್ತದೆ. ಡಬ್ಬಿ ಅಡುಗೆ ಪದಾರ್ಥದಿಂದ ದೂರವಿರಲಿ.

ಸಾಕುವುದು ಬೇಡವೆನಿಸಿದರೆ?
ಹಿತ್ತಲಿಗೆ, ಗದ್ದೆ ಬದುವಿಗೆ ಸುರಿಯಬೇಡಿ. ಊರಿನ ಧಾನ್ಯಕ್ಕೆ ಪೀಡೆಯಾದೀತು. ಹುಳುಗಳನ್ನು ದಿನಕ್ಕಿಷ್ಟರಂತೆ ಕೋಳಿಗೆ ಹಾಕಿ ಮುಗಿಸಿ. ಉಳಿದ ಬೂಸಾವನ್ನು ಕುದಿಯುವ ನೀರು ಹೊಯ್ದು ತಿಪ್ಪೆಗೆ ಹಾಕಿ.

ನೆನಪಿಡಿ: ಟಬ್ ಮತ್ತು ಪಶು ಆಹಾರದ ಮೂಟೆ ಒಂದೇ ಕೋಣೆಯಲ್ಲಿ ಇರಬಾರದು. ಹುಳುವಿನ ಬೂಸಾಕ್ಕೆ ಬೇರೆ ಡಬ್ಬಿ, ಬೇರೆ ಅಳತೆಪಾತ್ರೆ ಇಡಿ. ಕೋಳಿ ಮಂಕಾದರೆ, ಮೊಟ್ಟೆ ಸಿಪ್ಪೆ ತೆಳುವಾದರೆ ಹುಳು ಕೊಡುವುದನ್ನು ನಿಲ್ಲಿಸಿ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.