ಹಸಿದವರಿಗೆ ಬಡಿಸುವದು ಅಪರಾಧವೋ?

ಓದತಕ್ಕ ವೇದಭಾಗಗಳು: ಯಾಜಕಕಾಂಡ 19:9–10, ಧರ್ಮೋಪದೇಶಕಾಂಡ 23:24–25, ಅಪೊಸ್ತಲರ ಕೃತ್ಯಗಳು 6:1–6, ಯಾಕೋಬನ ಪತ್ರಿಕೆ 2:1–9.

ಅಮೇರಿಕ ಸಂಯುಕ್ತ ಸಂಸ್ಥಾನಗಳ ತೆಂಕಣ ತುದಿಯಲ್ಲಿ ಫ್ಲೋರಿಡಾ ಎಂಬ ಸೀಮೆ ಉಂಟು. ಅದರ ಸಮುದ್ರತೀರದಲ್ಲಿ ಫೋರ್ಟ್ ಲಾಡರ್‌ಡೇಲ್ ಎಂಬ ಐಶ್ವರ್ಯವುಳ್ಳ ಪಟ್ಟಣವಿದೆ. 2014ನೆಯ ಇಸವಿ ನವೆಂಬರ್ 2ನೆಯ ತಾರೀಖು ಆದಿತ್ಯವಾರದಲ್ಲಿ ಅಲ್ಲಿಯ ಒಂದು ಉದ್ಯಾನದೊಳಗೆ ತೊಂಭತ್ತು ವರುಷ ಪ್ರಾಯದ ಆರ್ನಲ್ಡ್ ಅಬ್ಬಟ್ ಎಂಬ ವೃದ್ಧರೂ ಇಬ್ಬರು ಸಭಾಪಾಲಕರೂ ಮನೆಮಠವಿಲ್ಲದವರಿಗೆ ಊಟ ಬಡಿಸುತ್ತಿದ್ದರು. ಕೆಲವು ತಟ್ಟೆಗಳನ್ನು ಕೊಡುವಷ್ಟರಲ್ಲಿಯೇ ಪೊಲೀಸಿನವರು ಬಂದು ಅವರನ್ನು ತಡೆದು, ಮೂವರ ಮೇಲೆಯೂ ಮೊಕದ್ದಮೆಯ ಚೀಟಿ ಬರೆದರು. ಕೈಯಲ್ಲಿದ್ದ ತಟ್ಟೆಯನ್ನು ಆಯುಧವೋ ಎಂಬಂತೆ ಕೆಳಗಿಡಿಸಿದರೆಂದು ಆ ವೃದ್ಧರು ಆಮೇಲೆ ಹೇಳಿಕೊಂಡರು. ಅಪರಾಧವು ಸ್ಥಾಪನೆಯಾದರೆ ಅರುವತ್ತು ದಿವಸಗಳ ಸೆರೆ ಅಥವಾ 500 ಡಾಲರುಗಳ ದಂಡ. ಅಬ್ಬಟ್‌ರವರು ಎರಡನೆಯ ಲೋಕಯುದ್ಧದಲ್ಲಿ ಸೈನಿಕರಾಗಿ ಸೇವೆ ಮಾಡಿದವರು. ತೀರಿಹೋದ ತಮ್ಮ ಪತ್ನಿಯ ನೆನಪಿಗಾಗಿ 1991ರಲ್ಲಿ ಈ ಅನ್ನದಾನದ ಕೆಲಸವನ್ನು ಆರಂಭಿಸಿ, ಅದಕ್ಕೆ ನೆರೆಯವನ ಪ್ರೀತಿ ಎಂಬರ್ಥವುಳ್ಳ ಹೆಸರನ್ನಿಟ್ಟಿದ್ದರು. ಚೀಟಿ ಸಿಕ್ಕಿದ ಮೂರು ದಿವಸಗಳೊಳಗೆ ಅವರು ಸಮುದ್ರತೀರದಲ್ಲಿ ಮತ್ತೆ ಬಡಿಸಿದರು. ಮತ್ತೆ ಚೀಟಿ ಸಿಕ್ಕಿತು.

ಈ ಸಂಗತಿಯನ್ನು ನಾನು ಓದಿದಾಗ ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ಸಿಟ್ಟು. ಆದರೆ ಸಿಟ್ಟಿನಿಂದ ಪಾಠ ಮಾಡಲಾಗದು. ಆದಕಾರಣ ಆ ನಗರಸಭೆಯವರು ಏನು ಕಟ್ಟಳೆ ಮಾಡಿದ್ದರು, ಯಾಕೆ ಮಾಡಿದ್ದರು ಎಂಬದನ್ನು ನ್ಯಾಯವಾಗಿ ವಿಚಾರಿಸೋಣ.

ಕಟ್ಟಳೆಯು ಬಡವರಿಗೆ ಊಟ ಕೊಡಕೂಡದೆಂದು ಬಾಯಿಬಿಟ್ಟು ಹೇಳಲಿಲ್ಲ. ಬಯಲಿನಲ್ಲಿ ಊಟ ಹಂಚುವ ಸ್ಥಳವು ಜನರ ವಾಸದ ಮನೆಗಳಿಂದ 500 ಅಡಿ ದೂರವಿರಬೇಕು. ಸ್ಥಳದ ಒಡೆಯನ ಒಪ್ಪಿಗೆಯು ಬರಹದಲ್ಲಿರಬೇಕು. ಕೈ ತೊಳೆಯುವದಕ್ಕೂ ಮಲಮೂತ್ರವಿಸರ್ಜನೆಗೂ ಬೇಕಾದ ಏರ್ಪಾಡು ಇರಬೇಕು ಎಂದು ಹೇಳಿತು. ಒಂದೊಂದನ್ನೇ ನೋಡಿದರೆ ಯಾವದೂ ಅನ್ಯಾಯವಾಗಿ ತೋರುವದಿಲ್ಲ. ಎಲ್ಲವನ್ನೂ ಕೂಡಿಸಿ ಆ ಪಟ್ಟಣದ ಬೀದಿಗಳಲ್ಲಿ ಅಳೆದು ನೋಡಿದರೆ, ಮುದುಕನೊಬ್ಬನು ಪಾತ್ರೆ ಇಟ್ಟುಕೊಂಡು ನಿಲ್ಲುವದಕ್ಕೆ ಸ್ಥಳ ಸಿಕ್ಕುವದು ಕಷ್ಟ. ಇಂಥ ಕಟ್ಟಳೆಗಳು ಅಲ್ಲಿ ಒಂದೇ ಊರಿನವಲ್ಲ. 2013 ಮತ್ತು 2014ನೆಯ ಇಸವಿಗಳಲ್ಲಿ ಮಾತ್ರವೇ ಆ ದೇಶದ ಇಪ್ಪತ್ತಕ್ಕೆ ಹೆಚ್ಚು ಪಟ್ಟಣಗಳು ಇವನ್ನು ಮಾಡಿಕೊಂಡವು.

ಅಧಿಕಾರಿಗಳು ಹೇಳುವ ಕಾರಣಗಳು ಇವು. ಊಟವಾದ ಮೇಲೆ ಕಸ ಉಳಿಯುತ್ತದೆ. ನೆರೆಯವರೂ ಅಂಗಡಿಯವರೂ ದೂರುತ್ತಾರೆ. ಶುಚಿಯಲ್ಲದ ಅನ್ನದಿಂದ ರೋಗ ಬರಬಹುದು. ಬೀದಿಯಲ್ಲಿಯೇ ಊಟ ಸಿಕ್ಕಿದರೆ ಜನರು ಆಶ್ರಯಗೃಹಕ್ಕೆ ಬಾರದೆ ಬೀದಿಯಲ್ಲಿಯೇ ಉಳಿಯುತ್ತಾರೆ. ಕಡೆಯ ಮಾತನ್ನು ನಾನು ಅಷ್ಟಾಗಿ ನಂಬಲಾರೆ. ಒಂದು ತಟ್ಟೆ ಊಟಕ್ಕೋಸ್ಕರ ಛಳಿಯಲ್ಲಿ ಮಲಗುವದನ್ನು ಆರಿಸಿಕೊಳ್ಳುವವನು ಯಾರು? ಆದರೆ ರೋಗದ ಮಾತನ್ನು ಹಗುರವಾಗಿ ತೆಗೆದುಬಿಡಬಾರದು. ಕ್ಯಾಲಿಫೋರ್ನಿಯದ ಸಾನ್ ಡಿಯೇಗೋ ಪ್ರಾಂತದಲ್ಲಿ 2016ರಿಂದ 2018ರ ವರೆಗೆ ಹೆಪಟೈಟಿಸ್ ಎ ಎಂಬ ಕಾಮಾಲೆರೋಗವು ಹಬ್ಬಿ, 592 ಜನರಿಗೆ ತಗಲಿತು. 20 ಮಂದಿ ಸತ್ತರು. ಸತ್ತವರಲ್ಲಿಯೂ ನರಳಿದವರಲ್ಲಿಯೂ ಮನೆಯಿಲ್ಲದವರು ಬಹಳ. ಆಗ ಅದೇ ಪ್ರಾಂತದ ಎಲ್ ಕಹೋನ್ ಎಂಬ ಪಟ್ಟಣವು ನಗರದ ಸ್ಥಳಗಳಲ್ಲಿ ಊಟ ಹಂಚುವದನ್ನು 2017ರಲ್ಲಿ ನಿಷೇಧಿಸಿತು. 2018ರ ಜನವರಿಯಲ್ಲಿ ಅಲ್ಲಿಯ ಉದ್ಯಾನದಲ್ಲಿ ಬಡಿಸಿದ ಸುಮಾರು ಹನ್ನೆರಡು ಮಂದಿಗೆ ಚೀಟಿ ಕೊಟ್ಟರು. ಅವರಲ್ಲಿ ಹದಿನಾಲ್ಕು ವರುಷದ ಒಬ್ಬ ಹುಡುಗಿಯೂ ಇದ್ದಳು. ಆದರೆ ಆ ರೋಗವು ಯಾರೋ ಹಂಚಿದ ಅನ್ನದ ಮೂಲಕ ಹಬ್ಬಿತೆಂದು ವೈದ್ಯಾಧಿಕಾರಿಗಳು ಕಾಣಲಿಲ್ಲ. ಪಾಯಿಖಾನೆಯೂ ಕೈ ತೊಳೆಯುವ ನೀರೂ ಇಲ್ಲದ ಜನರಲ್ಲಿ ಅದು ಒಬ್ಬರಿಂದೊಬ್ಬರಿಗೆ ಅಂಟಿತು. ಬೀದಿಯಲ್ಲಿ ನೀರನ್ನಿಡುವದಕ್ಕೆ ಯಾವ ಕಟ್ಟಳೆಯೂ ಅಡ್ಡಿಯಾಗಿರಲಿಲ್ಲವಲ್ಲಾ.

ಇದಕ್ಕಿಂತಲೂ ವಿಚಿತ್ರವಾದ ಒಂದು ಕಟ್ಟಳೆಯನ್ನು ಲಾಸ್ ವೇಗಾಸ್ ಎಂಬ ಪಟ್ಟಣದವರು 2006ರಲ್ಲಿ ಮಾಡಿದರು. ಉದ್ಯಾನಗಳಲ್ಲಿ ದರಿದ್ರರಿಗೆ ಊಟ ಕೊಡಕೂಡದು ಎಂಬದೇ ಅದು. ದರಿದ್ರನು ಯಾರು? ಯಾವನನ್ನು ನೋಡಿದರೆ ಇವನು ಸರಕಾರದ ಸಹಾಯಕ್ಕೆ ತಕ್ಕವನೆಂದು ಸಾಮಾನ್ಯ ಬುದ್ಧಿಯುಳ್ಳವನಿಗೆ ತೋರುವದೋ ಅವನೇ ದರಿದ್ರನೆಂದು ಅವರು ಬರೆದಿಟ್ಟರು. ಹೀಗಿರಲಾಗಿ, ಒಂದೇ ಉದ್ಯಾನದ ಒಂದು ಮರದ ಕೆಳಗೆ ಒಂದು ಕುಟುಂಬದವರು ಮಗುವಿನ ಹುಟ್ಟುಹಬ್ಬಕ್ಕಾಗಿ ನಲವತ್ತು ಜನರಿಗೆ ಉಣಿಸಬಹುದು. ಪಕ್ಕದ ಮರದ ಕೆಳಗೆ ಹರಕು ಅಂಗಿಯವನಿಗೆ ಒಂದು ರೊಟ್ಟಿ ಕೊಟ್ಟರೆ ಅಪರಾಧ. ಅಪರಾಧವು ಅನ್ನದಲ್ಲಿಯೂ ಇಲ್ಲ, ಕಸದಲ್ಲಿಯೂ ಇಲ್ಲ, ಉಣ್ಣುವವನ ಅಂಗಿಯಲ್ಲಿ ಇದೆ. ಸಭೆಯೊಳಗೆ ಬರುವವನ ಉಂಗುರವನ್ನೂ ಬಟ್ಟೆಯನ್ನೂ ನೋಡಿ ಸ್ಥಳ ತೋರಿಸುವವರನ್ನು ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಗದರಿಸುತ್ತಾನೆ. ಅವನು ಯಾವದನ್ನು ಪಾಪವೆಂದನೋ ಅದನ್ನೇ ಈ ಕಟ್ಟಳೆಯು ಪೊಲೀಸಿನವನ ಉದ್ಯೋಗವಾಗಿ ಮಾಡಿತು. ಸಂಯುಕ್ತ ಸರಕಾರದ ನ್ಯಾಯಸ್ಥಾನವು ಮುಂದೆ ಅದನ್ನು ತಡೆದುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಅನ್ನದಾನದ ವಿಷಯದಲ್ಲಿ ಕಟ್ಟಳೆಯೇ ಇರಬಾರದೋ? ಮೋಶೆಯ ಧರ್ಮಶಾಸ್ತ್ರವನ್ನು ತೆರೆದು ನೋಡಿರಿ. ಅದರಲ್ಲಿ ಬಡವನ ಊಟದ ವಿಷಯವಾಗಿ ಕಟ್ಟಳೆಗಳು ಬೇಕಾದಷ್ಟಿವೆ. ಹೊಲದ ಮೂಲೆಗಳನ್ನು ಒಡೆಯನು ಕೊಯ್ಯಬಾರದು. ಬಿದ್ದ ತೆನೆಗಳನ್ನು ಆರಿಸಬಾರದು. ಅವು ಬಡವನಿಗೂ ಪರದೇಶಿಗೂ ಸೇರಿದವು. ನೆರೆಯವನ ದ್ರಾಕ್ಷೇತೋಟಕ್ಕೆ ಹೋದವನು ಹೊಟ್ಟೆತುಂಬ ತಿನ್ನಬಹುದು, ಪುಟ್ಟಿಯಲ್ಲಿ ಹಾಕಿಕೊಳ್ಳಬಾರದು. ಬೆಳೆಯಲ್ಲಿ ಕೈಯಿಂದ ತೆನೆ ಮುರಿಯಬಹುದು, ಕುಡುಗೋಲು ಹಾಕಬಾರದು. ಇಲ್ಲಿ ಉಣ್ಣುವವನಿಗೂ ಮಿತಿ ಉಂಟು, ಒಡೆಯನಿಗೂ ಮಿತಿ ಉಂಟು. ಆದರೆ ಎಲ್ಲಾ ಮಿತಿಗಳೂ ಹಸಿದವನು ಉಂಡ ಮೇಲೆ ಆರಂಭವಾಗುತ್ತವೆ. ಬೋವಜನ ಹೊಲಕ್ಕೆ ರೂತಳು ಬಂದಾಗ ಆಕೆಯನ್ನು ಊರ ಹೊರಗಿನ ಬೇರೊಂದು ಸ್ಥಳಕ್ಕೆ ಕಳುಹಿಸಲಿಲ್ಲ. ಕೊಯ್ಯುವವರ ಬಳಿಯಲ್ಲಿಯೇ ಕೂರಿಸಿ ಉಣಿಸಿದರು.

ಅಮೇರಿಕದ ನ್ಯಾಯಸ್ಥಾನಗಳ ತೀರ್ಪುಗಳು ಒಂದೇ ತೆರನಾಗಿಲ್ಲ. ಅದೇ ಫ್ಲೋರಿಡಾದ ಓರ್ಲಾಂಡೋ ಪಟ್ಟಣವು 2006ರಲ್ಲಿ, ನಗರಭವನದಿಂದ ಎರಡು ಮೈಲಿಗಳೊಳಗಿನ ಉದ್ಯಾನಗಳಲ್ಲಿ 25 ಅಥವಾ ಹೆಚ್ಚು ಜನರಿಗೆ ಬಡಿಸಬೇಕಾದರೆ ಅಪ್ಪಣೆಚೀಟಿ ಬೇಕು, ಅದು ಒಂದು ಗುಂಪಿಗೆ ಒಂದು ಉದ್ಯಾನದಲ್ಲಿ ವರುಷಕ್ಕೆ ಎರಡೇ ಸಾರಿ ಸಿಕ್ಕುವದು ಎಂದು ನೇಮಿಸಿತು. ಮನೆಯಿಲ್ಲದವರಿಂದಲೇ ಕೂಡಿದ್ದ ಒಂದು ಚಿಕ್ಕ ಕ್ರೈಸ್ತ ಸಭೆಯೂ ಫುಡ್ ನಾಟ್ ಬಾಂಬ್ಸ್ ಎಂಬ ಗುಂಪೂ ಇದರ ಮೇಲೆ ವ್ಯಾಜ್ಯ ಹೂಡಿದವು. 2011ರಲ್ಲಿ ಅವರು ಸೋತರು. ಆದರೆ ಫಿಲಡೆಲ್ಫಿಯದ ನಗರಾಧ್ಯಕ್ಷರು 2012ರಲ್ಲಿ ಉದ್ಯಾನಗಳಲ್ಲಿ ಬಡಿಸುವದನ್ನು ನಿಷೇಧಿಸಿದಾಗ, ಬಡಿಸುವದು ನಮಗೆ ದೇವಾರಾಧನೆಯ ಭಾಗವೇ ಎಂದು ಸೇವಾಸಂಘದವರು ವಾದಿಸಿದರು, ನ್ಯಾಯಾಧಿಪತಿಯು ನಿಷೇಧವನ್ನು ತಡೆದರು. ಡಲ್ಲಸ್ ಪಟ್ಟಣದಲ್ಲಿಯೂ 2013ರಲ್ಲಿ ಕ್ರೈಸ್ತ ಸೇವಾಸಂಘಗಳೇ ಗೆದ್ದವು.

ಇವುಗಳಲ್ಲಿ ನನಗೆ ಬಹಳ ಯೋಚನೆ ಹುಟ್ಟಿಸಿದ್ದು 2018ರ ತೀರ್ಪು. ಫೋರ್ಟ್ ಲಾಡರ್‌ಡೇಲಿನಲ್ಲಿ ಅದೇ ಫುಡ್ ನಾಟ್ ಬಾಂಬ್ಸ್ ಹೆಸರಿನ ಗುಂಪಿನವರು ವ್ಯಾಜ್ಯ ಹೂಡಿದ್ದರು. ಇವರು ಸಭೆಯವರಲ್ಲ, ಯುದ್ಧಕ್ಕೆ ಸುರಿಯುವ ಹಣವನ್ನು ಅನ್ನಕ್ಕೆ ವೆಚ್ಚಮಾಡಬೇಕೆಂದು ಸಾರುವವರು, ಮಾಂಸವಿಲ್ಲದ ಊಟವನ್ನು ಕೇಳಿದವರಿಗೆಲ್ಲಾ ಕೊಡುವವರು. ಮೇಲಿನ ನ್ಯಾಯಸ್ಥಾನವು ಅವರ ಮೇಜನ್ನೂ ಪತಾಕೆಯನ್ನೂ, ಬಂದವರೆಲ್ಲರೊಂದಿಗೆ ಬಹಿರಂಗದಲ್ಲಿ ಕೂಡಿ ಉಣ್ಣುವದನ್ನೂ ನೋಡಿ, ಇದು ಮಾತಿಲ್ಲದ ಮಾತು, ವಾಕ್‌ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ತೀರ್ಮಾನಿಸಿತು. ಕೂಡಿ ಉಣ್ಣುವದು ಮಾತಾಡುತ್ತದೆಂಬದು ನಮಗೆ ಹೊಸದಲ್ಲ. ಕರ್ತನು ಸುಂಕದವರಿಗೆ ಗುಟ್ಟಾಗಿ ರೊಟ್ಟಿ ಕಳುಹಿಸಿದ್ದರೆ ಫರಿಸಾಯರು ಗುಣುಗುಟ್ಟುತ್ತಿರಲಿಲ್ಲ. ಅವರೊಂದಿಗೆ ಊಟಕ್ಕೆ ಕೂತದ್ದೇ ಅವರಿಗೆ ಎಡವುಗಲ್ಲಾಯಿತು. ನಮ್ಮ ಸೀಮೆಯಲ್ಲಿ ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂತರು ಎಂಬದು ಎಷ್ಟು ಗಟ್ಟಿಯಾಗಿ ಮಾತಾಡುವದೆಂದು ಹಿರಿಯರನ್ನು ಕೇಳಿರಿ. ನ್ಯಾಯಶಾಸ್ತ್ರ ಓದಿದವರು ಬಹಳ ಪುಟಗಳಲ್ಲಿ ಬರೆದದ್ದನ್ನು ನಮ್ಮ ಅಜ್ಜಿಯರು ಒಂದು ಬಾಳೆಯೆಲೆ ನೋಡಿ ಹೇಳುತ್ತಿದ್ದರು.

ಇನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯ. ಮೇಲಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಪೌಲನು ಬರೆದಿರುವಾಗ, ಕ್ರೈಸ್ತರು ಕಟ್ಟಳೆ ಮೀರಿ ಬಡಿಸಬಹುದೋ ಎಂದು ನಮ್ಮ ಯೌವನಸ್ಥರು ಕೇಳುವರು, ಕೇಳಲಿ. ಚೀಟಿ ಪಡೆದವರು ಅಧಿಕಾರಿಗಳ ಸಂಗಡ ಹೊಡೆದಾಡಲಿಲ್ಲ, ಅಡಗಿಕೊಳ್ಳಲೂ ಇಲ್ಲ. ಬಡಿಸಿದರು, ಚೀಟಿಯನ್ನು ತೆಗೆದುಕೊಂಡರು, ನ್ಯಾಯಸ್ಥಾನಕ್ಕೆ ಹೋದರು. ಕೈಸರನಿಗೆ ಮೊರೆಯಿಟ್ಟ ಪೌಲನೂ ಅದೇ ದಾರಿಯನ್ನು ಹಿಡಿದನು. ಟೆಕ್ಸಸ್ ಸೀಮೆಯ ಹ್ಯೂಸ್ಟನ್ ಪಟ್ಟಣದಲ್ಲಿ 2012ರ ಕಟ್ಟಳೆಯ ಪ್ರಕಾರ ಒಡೆಯನ ಒಪ್ಪಿಗೆಯಿಲ್ಲದೆ ಐವರಿಗಿಂತ ಹೆಚ್ಚು ಜನರಿಗೆ ಬಡಿಸಬಾರದು. 2023ರಲ್ಲಿ ಪುಸ್ತಕಭಂಡಾರದ ಮುಂದೆ ಹೀಗೆ ಬಡಿಸಿದ ಒಬ್ಬನು ಪಂಚರ ಮುಂದೆ ನಿಂತಾಗ, ಪಂಚರು ಅವನನ್ನು ನಿರಪರಾಧಿ ಎಂದರು.

ಬಡಿಸುವವರಾದ ನಮ್ಮ ತಪ್ಪನ್ನೂ ಹೇಳಬೇಕು. ಕೆಲವು ವರುಷಗಳ ಹಿಂದೆ ಕ್ರಿಸ್ತಜಯಂತಿಯ ಮರುದಿನ ನಮ್ಮ ಸಭೆಯವರು ರಸ್ತೆಯ ಬದಿಯಲ್ಲಿ ಬಡವರಿಗೆ ಊಟ ಹಾಕಿದೆವು. ಕೀರ್ತನೆ ಹಾಡಿದೆವು, ಸಂತೋಷದಿಂದ ಮನೆಗೆ ಹೋದೆವು. ಎಂಜಲೆಲೆಗಳು ಅಲ್ಲಿಯೇ ಉಳಿದವು. ಬೆಳಗಾಗುವ ಮೊದಲು ಅವನ್ನು ಬಳಿದವರು ನಮ್ಮ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂಡುವ ಇಬ್ಬರು ಪೌರಕಾರ್ಮಿಕ ಸಹೋದರಿಯರು. ಅವರು ಏನೂ ಹೇಳಲಿಲ್ಲ. ಒಬ್ಬಾಕೆಯ ಕೈಗೆ ಗಾಜು ತಗಲಿ ಬಟ್ಟೆ ಕಟ್ಟಿದ್ದನ್ನು ನಾನು ಮುಂದಿನ ಆದಿತ್ಯವಾರ ನೋಡಿದೆನು. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಊಟದ ವಿಷಯದಲ್ಲಿ ಗುಣುಗುಟ್ಟುವಿಕೆ ಹುಟ್ಟಿದಾಗ ಅಪೊಸ್ತಲರು ಊಟವನ್ನು ನಿಲ್ಲಿಸಲಿಲ್ಲ, ದೂರನ್ನು ಅಲ್ಲಗಳೆಯಲೂ ಇಲ್ಲ. ಏಳು ಮಂದಿಯನ್ನು ನೇಮಿಸಿದರು.

ಓರೆಗನ್ ಸೀಮೆಯ ಸಮುದ್ರತೀರದಲ್ಲಿ ಬ್ರೂಕಿಂಗ್ಸ್ ಎಂಬ ಸಣ್ಣ ಊರು. ಅಲ್ಲಿಯ ಸಂತ ತಿಮೊಥೆಯನ ದೇವಾಲಯದವರು ಬಹುವರುಷಗಳಿಂದ ಬಡವರಿಗೆ ಊಟ ಕೊಡುತ್ತಿದ್ದರು. 2020ರ ಕೊರೋನಾ ಕಾಲದಲ್ಲಿ ಊರಿನ ಬೇರೆ ಸಭೆಗಳು ಊಟವನ್ನು ನಿಲ್ಲಿಸಿದ್ದರಿಂದ ಇವರು ವಾರಕ್ಕೆ ಆರು ದಿನಗಳ ವರೆಗೂ ಬಡಿಸಬೇಕಾಯಿತು. ನೆರೆಯವರು ದೂರು ಕೊಟ್ಟರು. 2021ರ ಅಕ್ಟೋಬರಿನಲ್ಲಿ ನಗರಸಭೆಯು, ವಾಸದ ಮನೆಗಳಿರುವ ಭಾಗದಲ್ಲಿ ಧರ್ಮದ ಊಟವು ವಾರಕ್ಕೆ ಎರಡೇ ದಿನ ಎಂದು ಕಟ್ಟಳೆ ಮಾಡಿತು. ಇದು ಬೀದಿಯೂ ಅಲ್ಲ, ಉದ್ಯಾನವೂ ಅಲ್ಲ. ದೇವಾಲಯದ ಸ್ವಂತ ಅಂಗಳ. ಸಭೆಯವರು 2022ರಲ್ಲಿ ವ್ಯಾಜ್ಯ ಹೂಡಿದರು. 2024ರ ಮಾರ್ಚಿನಲ್ಲಿ ನ್ಯಾಯಾಧಿಪತಿಯು ಅವರ ಪಕ್ಷವಾಗಿ ತೀರ್ಪು ಕೊಟ್ಟರು. ಅಬ್ಬಟ್‌ರವರು ಈ ತೀರ್ಪನ್ನು ಕಾಣಲಿಲ್ಲ. 2019ರಲ್ಲಿ ತಮ್ಮ ತೊಂಭತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಸುಗ್ಗಿಯ ಹಬ್ಬದ ಊಟವು ಹತ್ತಿರ ಬಂತು. ಅದಕ್ಕೆ ಮುಂಚೆ ಸಭೆಯ ಹಿರಿಯರು ಒಂದು ಸಾಯಂಕಾಲ ಕೂಡಿ ಈ ಪಾಠವನ್ನು ಓದಿ ಮಾತಾಡಿಕೊಳ್ಳಲಿ. ಸಭೆಯವರಲ್ಲದ ಹಸಿದವರು ಬಂದರೆ ಪಂಕ್ತಿಯಲ್ಲಿ ಎಲ್ಲಿ ಕೂರಿಸುವಿರಿ? ಪಕ್ಕದ ಮನೆಯವರಿಗೆ ಮೊದಲೇ ಹೇಳುವವರು ಯಾರು? ಕೈ ತೊಳೆಯುವ ನೀರನ್ನು ಯಾರು ಸೇದಿಡುವರು? ಎಲೆ ಎತ್ತುವ ಏಳು ಮಂದಿಯ ಹೆಸರನ್ನು ಅಂದೇ ಬರೆದಿಡಿರಿ. ಅದರಲ್ಲಿ ಉಪದೇಶಿಯ ಹೆಸರೂ ಇರಲಿ.